ಕೊನೆಯ ಚರಣದ ಹೆಸರಿನ ವಿಷಯವಾಗಿ

ಮಾನ್ಯ ಓದುಗರ ಅವಗಾಹನೆಗೆ,

ವಿಷಯಕ್ಕೆ ಬರುವ ಮೊದಲು ನನ್ನ ಕೈಬರಹಕ್ಕಾಗಿಯೂ ಕಾಗುಣಿತಕ್ಕಾಗಿಯೂ ತಮ್ಮ ಕ್ಷಮೆ ಬೇಡುವುದು ನನ್ನ ಕರ್ತವ್ಯವಾಗಿದೆ. ಊರು ಬಿಟ್ಟು ಅಹಮದಾಬಾದಿಗೆ ಬಂದ ಮೇಲೆ ಕಚೇರಿಯ ಟಿಪ್ಪಣಿಗಳನ್ನೆಲ್ಲ ಇಂಗ್ಲಿಷಿನಲ್ಲೇ ಬರೆದಿದ್ದೇನೆ. ಊರಿಗೆ ಹಾಕುವ ಕಾಗದಗಳನ್ನು ಬಿಟ್ಟರೆ ಕನ್ನಡದಲ್ಲಿ ಏನನ್ನೂ ಬರೆದವನಲ್ಲ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಈಗ ನನಗೆ ಭರವಸೆ ಉಳಿದಿಲ್ಲ. ಮನೆಯಲ್ಲಿ ಕೇಳೋಣವೆಂದರೆ ಮಗಳಿಗೆ ಗುಜರಾತಿ ಮತ್ತು ಇಂಗ್ಲಿಷ್ ಅಕ್ಷರಗಳು ಮಾತ್ರ ಬರುತ್ತವೆ. ಪತ್ನಿಯು ಮೊದಲ ಪುಟ ನೋಡಿ, "ಇದನ್ನು ಓದುವುದಕ್ಕಿಂತ ಅಕ್ಕಿಯಲ್ಲಿ ಕಲ್ಲು ಆರಿಸುವುದು ಸುಲಭ" ಎಂದು ಹಿಂದಕ್ಕೆ ಕೊಟ್ಟಿದ್ದಾಳೆ. ನಮ್ಮ ಕನ್ನಡ ಬಳಗದ ಸ್ಮರಣ ಸಂಚಿಕೆಯ ಸಂಪಾದಕರು "ಅನುಭವ ಬರೆಯಿರಿ, ಅಕ್ಷರ ನಾವು ನೋಡಿಕೊಳ್ಳುತ್ತೇವೆ" ಎಂದು ಹೇಳಿದ್ದರಿಂದ ಧೈರ್ಯ ಮಾಡಿದ್ದೇನೆ. ಲೇಖನದ ಪದ್ಧತಿ ನನಗೆ ತಿಳಿಯದು, ಕಚೇರಿ ಪತ್ರದ ಪದ್ಧತಿ ತಿಳಿದಿದೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ನಿವೇದಿಸಿಕೊಳ್ಳುತ್ತೇನೆ.

ಸಂಬಂಧಪಟ್ಟವರ ಅನುಮತಿ ಪಡೆಯುವುದು ಈಗ ಸಾಧ್ಯವಿಲ್ಲದ ಕಾರಣ ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ. ಒಬ್ಬರ ಹೆಸರನ್ನು ಮಾತ್ರ ಬರೆಯಲೇಬೇಕಾಗಿದೆ. ಏಕೆಂದರೆ ಇಡೀ ಪ್ರಕರಣವೇ ಆ ಹೆಸರಿಗೆ ಸಂಬಂಧಿಸಿದ್ದಾಗಿದೆ. ಗುಜರಾತಿಯಲ್ಲಿ ನಡೆದ ಮಾತುಗಳನ್ನು ನನಗೆ ತಿಳಿದ ಕನ್ನಡದಲ್ಲಿ ಕೊಟ್ಟಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಅಹಮದಾಬಾದಿನ ಒಂದು ಕೇಂದ್ರ ಸರ್ಕಾರಿ ಸಂಸ್ಥೆಯ ಧ್ವನಿಮುದ್ರಣ ವಿಭಾಗದಲ್ಲಿದ್ದೆ. ಅದೇ ಕಾಲದಲ್ಲಿ ಅಹಮದಾಬಾದು, ವಡೋದರಾ ಮತ್ತು ಸೂರತ್ ನಗರಗಳ ಕೆಲವು ಚರ್ಚುಗಳು ಸೇರಿ ಕ್ರೈಸ್ತ ಗಾಯಕರಿಗಾಗಿ ಒಂದು ಪರ್ಯಾಯ ಫಲಕದ ಸ್ಪರ್ಧೆಯನ್ನು ನಡೆಸುತ್ತಿದ್ದವು. ಮರದ ಹಲಗೆಯ ಮೇಲೆ ಹಿತ್ತಾಳೆಯ ಕವಚ, ಅದರ ಸುತ್ತ ವರ್ಷಕ್ಕೊಂದರಂತೆ ಗೆದ್ದವರ ಹೆಸರು ಕೆತ್ತಿದ ಚಿಕ್ಕ ಹಿತ್ತಾಳೆಯ ಎಲೆಗಳು. ಎಲ್ಲರೂ ಅದನ್ನು ಶೀಲ್ಡ್ ಎಂದೇ ಕರೆಯುತ್ತಿದ್ದರು. ಮೊದಲು ಅದು ಪಿಯಾನೊ ಅಥವಾ ಹಾರ್ಮೋನಿಯಂ ಜೊತೆಗೆ ನಾಲ್ಕು ಧ್ವನಿಭಾಗಗಳಲ್ಲಿ ಒಟ್ಟಿಗೆ ಹಾಡುವ ವೃಂದಗಳಿಗೆ ಮಾತ್ರ ಇತ್ತು. ತಬಲಾ, ಢೋಲಕ್, ಮಂಜೀರವೆಂಬ ಕಿರುತಾಳ ಹಿಡಿದು ಗುಜರಾತಿ ಭಜನೆ ಹಾಡುವ ಮಂಡಳಿಗಳಿಗಾಗಿ ಎರಡನೆಯ ವಿಭಾಗವನ್ನು ಆಮೇಲೆ ಸೇರಿಸಿದ್ದರು.

ನಾನು ಹಿಂದೂ. ಉಡುಪಿಯ ಕಡೆಯವನು. ನನಗೂ ಆ ಶೀಲ್ಡಿಗೂ ಸಂಬಂಧ ಬಂದದ್ದು ಒಂದು ಜಗಳದ ನಿಮಿತ್ತವಾಗಿ. ಹಿಂದಿನ ವರ್ಷ ಗೆದ್ದ ಮಂಡಳಿಯ ಹಾರ್ಮೋನಿಯಂ ವಾದಕನು ತೀರ್ಪುಗಾರರೊಬ್ಬರ ಅಳಿಯನೆಂದು ಬಹುಮಾನ ಕೊಟ್ಟ ಮೇಲೆ ತಿಳಿದುಬಂದಿತ್ತು. ಸೂರತ್ತಿನವರು ಇನ್ನು ಬರುವುದಿಲ್ಲವೆಂದರು. ಸಮಿತಿಯ ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯರು, ಬಿಳಿ ಅಂಗಿಯ ಮೇಲಿನ ಗುಂಡಿಯನ್ನೂ ಬಿಡದೆ ಹಾಕುವವರು. ಅವರು ಹೊಸ ನಿಯಮ ಮಾಡಿದರು. ಇನ್ನು ಮುಂದೆ ತೀರ್ಪುಗಾರರು ಯಾರ ಮುಖವನ್ನೂ ನೋಡಕೂಡದು. ಪ್ರತಿ ನಗರದಲ್ಲಿ ಹಾಡುಗಳನ್ನು ಟೇಪಿನಲ್ಲಿ ಮುದ್ರಿಸಿ, ಬರಿಯ ಸಂಖ್ಯೆ ಕೊಟ್ಟು ಕಳುಹಿಸಬೇಕು. ಹಾಡುವವರು ಯಾರೆಂದು ತಿಳಿಸುವ ಯಾವುದೇ ಮಾತು ಟೇಪಿನಲ್ಲಿ ಬಂದರೆ ಆ ಮಂಡಳಿ ಸ್ಪರ್ಧೆಯಿಂದ ಹೊರಗೆ.

ಈ ಕೆಲಸಕ್ಕೆ ಯಾವ ಚರ್ಚಿಗೂ ಸೇರದ ಒಬ್ಬ ಮನುಷ್ಯ ಬೇಕಾಗಿತ್ತು. ಅಧ್ಯಕ್ಷರು ನನ್ನ ಮನೆಗೆ ಬಂದು, ಚಹಾ ಕುಡಿಯುವ ಮೊದಲೇ ಕೇಳಿದರು. "ಭಾಯಿ, ನಿಮಗೆ ಇಲ್ಲಿ ಯಾರಾದರೂ ಕ್ರೈಸ್ತ ನೆಂಟರು ಇದ್ದಾರೆಯೇ?"

"ಇಲ್ಲ ಸಾಹೇಬ್."

"ಗುಜರಾತಿ ಗೆಳೆಯರು?"

"ಅಷ್ಟಾಗಿ ಇಲ್ಲ."

"ಒಳ್ಳೆಯದು. ನೀವೇ ಸರಿಯಾದ ಮನುಷ್ಯ."

ಜೀವನದಲ್ಲಿ ಗೆಳೆಯರಿಲ್ಲದ್ದಕ್ಕೆ ನನ್ನನ್ನು ಹೊಗಳಿದವರು ಅವರೊಬ್ಬರೇ. ಸಂಸ್ಥೆಗೆ ಅರ್ಜಿ ಸಲ್ಲಿಸಿದೆ. ರಜೆಯ ದಿನಗಳಲ್ಲಿ ಮಾತ್ರ, ಸಂಸ್ಥೆಯ ಒಂದು ತುಂಡು ತಂತಿಯನ್ನೂ ಬಳಸದೆ, ಗೌರವ ಸೇವೆಯಾಗಿ ಮಾಡಬಹುದೆಂದು ಅನುಮತಿ ಬಂತು. ಸಮಿತಿಯವರು ಹಳೆಯ ಸ್ಪೂಲ್ ಟೇಪ್ ರೆಕಾರ್ಡರ್ ಒಂದನ್ನು ಎಲ್ಲಿಂದಲೋ ತಂದುಕೊಟ್ಟರು. ಟ್ರಂಕಿನಷ್ಟು ಭಾರದ ಅದನ್ನು ನಾನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಓಡಾಡಿದೆ.

ಮೊದಲ ಮುದ್ರಣ ವಡೋದರಾದ ಮಂಜಲ್‌ಪುರದ ಒಂದು ಪ್ರಾರ್ಥನಾ ಮಂದಿರದಲ್ಲಿ. ಫ್ಯಾನುಗಳ ಸದ್ದು ಬರುತ್ತದೆಂದು ಅವನ್ನು ನಿಲ್ಲಿಸಿದೆ. ಗೋಡೆಗಳಿಂದ ಧ್ವನಿ ಹಿಂದಿರುಗದಂತೆ ಜಮಖಾನೆಗಳನ್ನು ನೇತುಹಾಕಿಸಿದೆ. ಮೈಕನ್ನು ಗಾಯಕರ ಬಾಯಿಗಿಂತ ಸ್ವಲ್ಪ ಮೇಲೆ ಇಟ್ಟು, ಅವರನ್ನು ಅರ್ಧಚಂದ್ರಾಕಾರವಾಗಿ ಕೂರಿಸಿ, ತಬಲಾವನ್ನು ಹಿಂದಕ್ಕೆ ಸರಿಸಿದೆ. ಮಂಜೀರದ ಸದ್ದಿಗೆ ಮೀಟರಿನ ಮುಳ್ಳು ಕೆಂಪು ಗೆರೆ ದಾಟುತ್ತಿದ್ದುದರಿಂದ ಅದನ್ನು ಬಾರಿಸುವ ವೃದ್ಧರನ್ನು ಬಾಗಿಲ ಬಳಿಗೆ ಹೋಗಿ ಕೂರುವಂತೆ ವಿನಂತಿಸಿದೆ.

"ನನ್ನ ಮದುವೆಯ ವರ್ಷದಿಂದ ಮುಂದೆ ಕೂತವನು ನಾನು" ಎಂದರು ಅವರು.

"ಯಂತ್ರಕ್ಕಾಗಿ ಮಾತ್ರ, ದಾದಾ."

"ಯಂತ್ರಕ್ಕೆ ನನ್ನ ಮೇಲೆ ಏನು ಕೋಪ?" ಎನ್ನುತ್ತ ಎದ್ದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಅಲ್ಲಿಂದಲೂ ಮುಳ್ಳು ಸ್ವಲ್ಪ ಕೆಂಪಿಗೆ ಹೋಗುತ್ತಲೇ ಇತ್ತು. ನಾನು ಮತ್ತೆ ಕೇಳಲಿಲ್ಲ.

ಆ ಮಂಡಳಿಯಲ್ಲಿ ಮುಂದಾಳಾಗಿ ಹಾಡಿದವರು ಎಲ್ಲರೂ ಮಾಸಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ರಾಹೇಲ್ ಎಂಬ ಮಹಿಳೆ. ಫತೇಗಂಜಿನ ಒಂದು ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು. ವಯಸ್ಸು ಐವತ್ತು ದಾಟಿತ್ತು. ಹಾಡು ಅವರೇ ಕಟ್ಟಿದ್ದು. ಮಧ್ಯಾಹ್ನದ ಬಿಸಿಲಲ್ಲಿ ಬಾವಿಗೆ ನೀರಿಗೆ ಬಂದ ಒಬ್ಬ ಹೆಂಗಸು ಅಲ್ಲಿ ಯೇಸುವನ್ನು ಕಂಡು ಮಾತಾಡುವ ಕಥೆ ಅದರಲ್ಲಿತ್ತು. ಒಂದು ಚರಣದಲ್ಲಿ ಆಕೆ, "ಬಾವಿ ಆಳ, ನಿನ್ನ ಕೈಯಲ್ಲಿ ಹಗ್ಗವಿಲ್ಲ, ನೀರು ಹೇಗೆ ಕೊಡುತ್ತೀ?" ಎಂದು ಕೇಳುತ್ತಾಳೆ. ಕೊನೆಯ ಚರಣದಲ್ಲಿ, ತಾನು ತಂದ ಕೊಡವನ್ನು ಅಲ್ಲೇ ಮರೆತು ಊರಿಗೆ ಓಡುತ್ತಾಳೆ. ಅದರ ಅರ್ಥ ಸುಮಾರಾಗಿ ಹೀಗೆ: "ರಾಹೇಲ್ ಹೇಳುತ್ತಾಳೆ, ಕೊಡವನ್ನು ಮರೆತು ಬಂದೆ, ನೀರನ್ನು ಮರೆಯಲಿಲ್ಲ."

ಹಾಡು ಮುಗಿದಾಗ ಟೇಪು ಇನ್ನೂ ತಿರುಗುತ್ತಿತ್ತು. ಕೆಲವು ಕ್ಷಣ ನಾನು ಗುಂಡಿ ಒತ್ತಲಿಲ್ಲ. ಮುದ್ರಣ ಉತ್ತಮವಾಗಿ ಬಂದಿದೆಯೆಂಬ ಸಮಾಧಾನದಲ್ಲಿ ಅಹಮದಾಬಾದಿಗೆ ಹಿಂದಿರುಗಿದೆ.

ಅಧ್ಯಕ್ಷರು ಟೇಪನ್ನು ಪೂರ್ತಿ ಕೇಳಿದರು. ಕೊನೆಯ ಚರಣ ಬಂದಾಗ ಕೈ ಎತ್ತಿದರು. "ಹೆಸರು ಇದೆಯಲ್ಲ."

"ಹಾಡಿನ ಸಾಲು ಅದು, ಸಾಹೇಬ್."

"ಹಾಡಿನ ಸಾಲಾದರೇನು? ಹಾಡಿದವಳ ಹೆಸರೇ ರಾಹೇಲ್. ವಡೋದರಾದ ತೀರ್ಪುಗಾರರಿಗೆ ಅವಳು ಚೆನ್ನಾಗಿ ಗೊತ್ತು. ನಿಯಮದ ಪ್ರಕಾರ ಮಂಡಳಿಯನ್ನು ಹೊರಗೆ ಹಾಕಬೇಕು. ನಾನು ಅಷ್ಟು ಕಠಿಣನಾಗುವುದಿಲ್ಲ. ಆ ಚರಣವನ್ನು ಕತ್ತರಿಸಿ ತೆಗೆಯಿರಿ."

ಗುಜರಾತಿ ಭಜನೆಗಳಲ್ಲಿ ಕಟ್ಟಿದವರ ಹೆಸರು ಕೊನೆಯ ಚರಣದಲ್ಲಿ ಬರುವುದು ವಾಡಿಕೆ. ಅದನ್ನು ಛಾಪ ಎನ್ನುತ್ತಾರೆ, ಅಂದರೆ ಮುದ್ರೆ. ಕ್ರೈಸ್ತರಾದ ಮೇಲೂ ಇಲ್ಲಿನ ಜನ ಆ ವಾಡಿಕೆಯನ್ನು ಬಿಟ್ಟಿರಲಿಲ್ಲ. ನಿಯಮ ಮಾಡಿದ ಅಧ್ಯಕ್ಷರಿಗೆ ಇದು ತಿಳಿಯದ್ದೇನಲ್ಲ. ಆದರೆ ಅವರು ವೃಂದಗಾನದಲ್ಲಿ ಬೆಳೆದವರು. ನಿಯಮ ಬರೆಯುವಾಗ ಅವರ ಕಣ್ಣ ಮುಂದೆ ಇದ್ದದ್ದು ಮುದ್ರಿತ ಪುಸ್ತಕ ಹಿಡಿದು ನಿಂತ ವೃಂದಗಳು. ಅಲ್ಲಿ ಬರೆದವರ ಹೆಸರು ಪುಟದ ಮೂಲೆಯಲ್ಲಿರುತ್ತದೆ, ಯಾರೂ ಅದನ್ನು ಹಾಡುವುದಿಲ್ಲ.

ಆದೇಶ ಪಾಲಿಸುವುದು ನನ್ನ ಸ್ವಭಾವ. ಆದರೂ ಮೂಲ ಟೇಪಿಗೆ ಕೈ ಹಚ್ಚುವ ಮೊದಲು ಅದರ ಒಂದು ಪ್ರತಿ ತೆಗೆದುಕೊಂಡು, ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಆ ಪ್ರತಿಯನ್ನೇ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸಿದೆ. ಕೇಳಿ ನೋಡಿದರೆ ಹಾಡು ನಡುದಾರಿಯಲ್ಲಿ ನಿಂತುಬಿಟ್ಟಿತ್ತು. ಹೆಂಗಸು ಇನ್ನೂ ಬಾವಿಯ ಬಳಿಯೇ ಇದ್ದಳು. ತಬಲಾದವರು ಕೊನೆಯ ಸಾಲಿಗಾಗಿ ವೇಗ ಏರಿಸುತ್ತ ಬಂದು, ಒಮ್ಮೆಲೇ ಇಲ್ಲವಾಗಿದ್ದರು. ಹೆಸರಿನ ತುಂಡನ್ನಷ್ಟೇ ತೆಗೆದು ನೋಡೋಣವೆಂದು ಇನ್ನೊಂದು ಪ್ರತಿಯಲ್ಲಿ ಯತ್ನಿಸಿದೆ. ಹೆಸರು ಬಂದ ಕಡೆಯಲ್ಲೆಲ್ಲ ತಾಳ ಮುಗ್ಗರಿಸಿತು. ಖಾಲಿ ಟೇಪು ಸೇರಿಸಿ ತಾಳ ಸರಿಮಾಡಿದರೆ, ಹಾಡುತ್ತಿರುವವರ ಬಾಯಿಯನ್ನು ಯಾರೋ ಆಗಾಗ ಮುಚ್ಚಿದಂತೆ ಕೇಳಿಸಿತು.

ಮುಂದಿನ ಭಾನುವಾರ ವಡೋದರಾಕ್ಕೆ ಹೋದೆ. ಫತೇಗಂಜಿನಲ್ಲಿ ನನ್ನ ಸೋದರಮಾವನ ಹೋಟೆಲಿತ್ತು. ಮಾಸಿ ಅಡುಗೆ ಮಾಡುವ ಹಾಸ್ಟೆಲು ಅದರ ಎದುರಿಗೇ. ಮಾವನಿಗೆ ವಿಷಯ ತಿಳಿಸಿದಾಗ ಅವರು ದೋಸೆ ಹೆಂಚಿಗೆ ನೀರು ಚಿಮುಕಿಸುತ್ತ, "ನಿನಗೆ ಎಂತಕ್ಕೆ ಮಾರಾಯ ಈ ಪಂಚಾತಿಕೆ? ಸಂಬಳ ಉಂಟಾ ಅದಕ್ಕೆ?" ಎಂದರು.

"ಗೌರವ ಸೇವೆ ಮಾವ."

"ಹಾಗಾದ್ರೆ ಕತ್ತರಿಸಿ ಕೊಟ್ಟು ಕೈತೊಳಕೊ. ಒಂದು ಸಾಲು ಹೋದ್ರೆ ಎಂತ ಆಗ್ತದೆ?"

"ನಮ್ಮ ದೇವಸ್ಥಾನದ ಭಜನೆಯಲ್ಲಿ ಅಂಕಿತ ಬಿಟ್ಟು ಹಾಡಿದ್ರೆ ನೀವು ಸುಮ್ಮನಿರ್ತಿದ್ರಾ?"

ಮಾವ ಹೆಂಚನ್ನು ಒರೆಸಿದರು. "ಅದು ಬೇರೆ" ಎಂದರು. ಮತ್ತೆ ಒಂದು ದೋಸೆ ಹೊಯ್ದ ಮೇಲೆ, "ಹೆಚ್ಚು ಬೇರೆಯೇನಲ್ಲ" ಎಂದು ಸೇರಿಸಿ, ಹಾಸ್ಟೆಲಿನ ಅಡುಗೆಮನೆಗೆ ಹೇಳಿಕಳುಹಿಸಿದರು.

ಮಧ್ಯಾಹ್ನದ ಪಾತ್ರೆಗಳನ್ನು ಮುಗಿಸಿ ಮಾಸಿ ಬಂದರು. ಮಾವ ಇಡ್ಲಿ ಸಾಂಬಾರು ಕೊಡಿಸಿದರು. ಮಾಸಿ ಒಂದು ಚಮಚ ರುಚಿ ನೋಡಿ, "ಸೇಠ್, ಬೆಲ್ಲ ಕಡಿಮೆ" ಎಂದರು.

"ಬೆಲ್ಲ ಇನ್ನೂ ಹಾಕಿದರೆ ಅದು ಪಾಯಸ ಆಗ್ತದೆ, ಬೇನ್" ಎಂದರು ಮಾವ ತಮ್ಮ ಹಿಂದಿಯಲ್ಲಿ.

ನಾನು ಅಧ್ಯಕ್ಷರ ಆದೇಶವನ್ನು ತಿಳಿಸಿದೆ. ಮಾಸಿಗೆ ಅದಾಗಲೇ ಗೊತ್ತಿತ್ತು. ಅವರ ಮಂಡಳಿಯ ತರುಣರು ಚರ್ಚೆ ಮಾಡಿ ಕತ್ತರಿಸಲು ಒಪ್ಪಿಯೂ ಆಗಿತ್ತು.

"ಹುಡುಗರು, 'ಒಂದು ಸಾಲು ತಾನೇ ಮಾಸಿ, ಶೀಲ್ಡ್ ಬಂದರೆ ಚರ್ಚಿನಲ್ಲಿ ಇಡಬಹುದು' ಅನ್ನುತ್ತಾರೆ. ನಾನು ಬೇಡ ಅಂದರೆ ಅವರ ವರ್ಷ ಹಾಳು. ಆದ್ದರಿಂದ ನೀವು ಕತ್ತರಿಸಿ ಭಾಯಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ."

"ನಿಮಗೆ ಏನನಿಸುತ್ತದೆ ಮಾಸಿ?"

ಅವರು ಇಡ್ಲಿಯನ್ನು ತುಂಡು ಮಾಡುತ್ತ ಕೂತರು. ಆಮೇಲೆ ಹೇಳಿದರು. "ಸೂರತ್ತಿನಲ್ಲಿ ಈ ಹಾಡನ್ನು ಹಾಡುತ್ತಾರಂತೆ. ನನ್ನ ನಾದಿನಿ ಕೇಳಿಸಿಕೊಂಡು ಬಂದಳು. ಛಾಪದಲ್ಲಿ ಬೇರೆಯವರ ಹೆಸರು ಇದೆಯಂತೆ. ನನಗೆ ಓದು ಬರಹ ಬಾರದು. ನನ್ನ ಹಾಡು ಪುಸ್ತಕದಲ್ಲಿ ಇಲ್ಲ. ಗೋಧಿ ಆರಿಸುವಾಗ ಕಟ್ಟಿದ್ದು, ಬಾಯಿಂದ ಬಾಯಿಗೆ ಹೋಗಿದೆ. ಆ ಸಾಲಿನಲ್ಲಿ ಇದ್ದೇನೆ, ಇಲ್ಲವಾದರೆ ಎಲ್ಲಿಯೂ ಇಲ್ಲ. ಈಗ ನೀವೂ ಕತ್ತರಿಸಿ ಮೂರು ಊರಿಗೆ ಕಳುಹಿಸಿದರೆ, ಆ ಖಾಲಿ ಜಾಗದಲ್ಲಿ ಯಾರು ಬೇಕಾದರೂ ಕೂರಬಹುದು."

ಸೂರತ್ತಿನ ಮುದ್ರಣ ಮುಗಿಯುವವರೆಗೆ ಕತ್ತರಿಸುವುದಿಲ್ಲವೆಂದು ಮಾತ್ರ ಹೇಳಿ ಬಂದೆ.

ಸೂರತ್ತಿನಲ್ಲಿ ತೊಂದರೆಗಳು ಬೇರೆ ರೀತಿಯವು. ಸಂಜೆ ಮುದ್ರಿಸಿದ ವೃಂದಗಾನವನ್ನು ಕೇಳಿ ನೋಡಿದರೆ ಎಲ್ಲರೂ ಮೂಗು ಹಿಡಿದು ಅವಸರದಲ್ಲಿ ಹಾಡಿದಂತಿತ್ತು. ಸುತ್ತಲಿನ ವಿದ್ಯುತ್ ಮಗ್ಗಗಳೆಲ್ಲ ಓಡುವ ಹೊತ್ತಿನಲ್ಲಿ ವೋಲ್ಟೇಜು ಇಳಿದು, ಯಂತ್ರದ ಮೋಟಾರು ನಿಧಾನವಾಗಿ ತಿರುಗಿತ್ತು. ಹಾಗೆ ಮುದ್ರಿಸಿದ್ದನ್ನು ಸರಿಯಾದ ವೋಲ್ಟೇಜಿನಲ್ಲಿ ನುಡಿಸಿದಾಗ ಶ್ರುತಿ ಏರುತ್ತದೆ. ವೃಂದದ ನಿರ್ದೇಶಕರು ತಮ್ಮ ಗಾಯಕರನ್ನು ಬೈಯಲು ತೊಡಗಿದ್ದರು. ತಪ್ಪು ವಿದ್ಯುತ್ತಿನದೆಂದು ನಾನು ವಿವರಿಸಿದ ಮೇಲೂ ಅವರು ಪೂರ್ತಿ ನಂಬಲಿಲ್ಲ. ಎಲ್ಲವನ್ನೂ ಮರುದಿನ ಬೆಳಿಗ್ಗೆ ಮತ್ತೆ ಮುದ್ರಿಸುವುದೆಂದು ತೀರ್ಮಾನವಾಗಿ, ನಾನು ಒಂದು ದಿನ ಹೆಚ್ಚು ರಜೆ ಹಾಕಬೇಕಾಯಿತು.

ಆ ಬೆಳಿಗ್ಗೆ ಅಲ್ಲಿನ ಭಜನಾ ಮಂಡಳಿ ಅಂಗಳದಲ್ಲಿ ಅಭ್ಯಾಸ ಮಾಡುತ್ತಿತ್ತು. ನಾನು ತಂತಿ ಜೋಡಿಸುತ್ತಿದ್ದವನು ಕೆಲಸ ನಿಲ್ಲಿಸಿದೆ. ಅದೇ ಬಾವಿ, ಅದೇ ಬಿಸಿಲು, ಅದೇ ಹೆಂಗಸು. ಹಗ್ಗದ ಚರಣ ಮಾತ್ರ ಇರಲಿಲ್ಲ. ಛಾಪದಲ್ಲಿ, ಎಷ್ಟೋ ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಪ್ರಸಿದ್ಧ ಭಜನಕಾರರ ಹೆಸರಿತ್ತು.

ಮಂಡಳಿಯ ನಾಯಕರು ಮಗ್ಗಗಳ ರಿಪೇರಿ ಮಾಡುವ ಮೇಸ್ತ್ರಿ. ಈ ಹಾಡು ಯಾರದೆಂದು ಅವರನ್ನು ಕೇಳಿದೆ.

"ಛಾಪದಲ್ಲಿ ಇದೆಯಲ್ಲ."

"ಆ ಹೆಸರು ಮೊದಲಿನಿಂದ ಇತ್ತೇ?"

ಮೇಸ್ತ್ರಿಗಳು ನಕ್ಕರು. "ನಿಜ ಹೇಳಲೇ ಭಾಯಿ? ನಾವು ಒಂದು ಮದುವೆಯಲ್ಲಿ ಅರ್ಧಂಬರ್ಧ ಕೇಳಿಸಿಕೊಂಡದ್ದು. ಕೊನೆಯಲ್ಲಿ ಯಾರ ಹೆಸರಿತ್ತೋ ಗದ್ದಲದಲ್ಲಿ ತಿಳಿಯಲಿಲ್ಲ. ಒಳ್ಳೆಯ ಹಾಡಾದರೆ ಅವರದೇ ಇರಬೇಕು ಅಂತ ನಮ್ಮ ನಂಬಿಕೆ. ಕೆಟ್ಟ ಹಾಡಾದರೆ ನಮ್ಮ ಪಾದ್ರಿಗಳದ್ದು."

ಅಲ್ಲಿಂದ ಹಿಂದಿರುಗುವ ರೈಲಿನಲ್ಲಿ ನನಗೆ ಒಂದು ವಿಚಾರ ಹೊಳೆಯಿತು. ಸೂರತ್ತಿನ ಛಾಪದಲ್ಲಿ ತೀರಿಹೋದವರ ಹೆಸರಿದ್ದರೂ ಹಾಡಿದವರು ಬದುಕಿರುವವರು. ಹಾಗಾದರೆ ಛಾಪ ತಿಳಿಸುವುದು ಹಾಡು ಯಾರದೆಂದು. ಹಾಡುತ್ತಿರುವವರು ಯಾರೆಂದು ಅದು ತಿಳಿಸುವುದಿಲ್ಲ. ಆದರೆ ಇದನ್ನು ಸಮಿತಿಯ ಎದುರು ಬಾಯಿಬಿಟ್ಟು ಹೇಳಬೇಕಾಗಿತ್ತು. ಎದ್ದು ನಿಂತು ಮಾತಾಡಿ ನನಗೆ ಅಭ್ಯಾಸವಿಲ್ಲ. ಆದ್ದರಿಂದ ಒಂದು ಮನವಿಯನ್ನು ಬರೆದುಕೊಂಡು ಹೋದೆ.

ಸಭೆ ಅಧ್ಯಕ್ಷರ ಮನೆಯ ಜಗಲಿಯಲ್ಲಿ ಸೇರಿತು. ನಾನು ಮನವಿಯ ಮೊದಲ ವಾಕ್ಯ ಓದುವಷ್ಟರಲ್ಲೇ ಅಧ್ಯಕ್ಷರು, "ನಿಮ್ಮದು ಧ್ವನಿಮುದ್ರಣದ ಕೆಲಸ ಭಾಯಿ. ಕತ್ತರಿಸಿದಿರೋ ಇಲ್ಲವೋ, ಅಷ್ಟು ಹೇಳಿ" ಎಂದರು.

"ಇಲ್ಲ ಸಾಹೇಬ್."

ಬರೆದುಕೊಂಡು ಬಂದದ್ದು ನನಗೆ ಮರೆತುಹೋಯಿತು. ಬಾಯಿಗೆ ಬಂದದ್ದನ್ನು ಹೇಳಿದೆ. "ನಮ್ಮ ಊರಿನಲ್ಲಿಯೂ ದೇವರನಾಮದ ಕೊನೆಯಲ್ಲಿ ಅಂಕಿತ ಇರುತ್ತದೆ. ಅದನ್ನು ಬಿಟ್ಟು ಹಾಡುವ ಕ್ರಮವಿಲ್ಲ."

"ಅಂಕಿತದಲ್ಲಿ ಯಾರ ಹೆಸರು? ಬರೆದವರದೇ?"

ಸುಳ್ಳು ಹೇಳುವಂತಿರಲಿಲ್ಲ. "ಸಾಮಾನ್ಯವಾಗಿ ದೇವರ ಹೆಸರು, ಸಾಹೇಬ್."

"ನೋಡಿ" ಎಂದರು ಅಧ್ಯಕ್ಷರು ಇತರರ ಕಡೆಗೆ ತಿರುಗಿ. "ಇವರ ಹಿರಿಯರು ನಮ್ಮ ಮಾಸಿಗಿಂತ ವಿನಯವಂತರು. ದೇವರ ಹೆಸರು ಸಾಕೆಂದುಕೊಂಡರು." ಎಲ್ಲರೂ ನಕ್ಕರು. ನನ್ನ ವಾದ ನನಗೇ ತಿರುಗುಬಾಣವಾಗಿತ್ತು.

ನಾನು ಕೂತುಬಿಡುವವನಿದ್ದೆ. ಆದರೆ ಆ ನಗುವಿನ ನಡುವೆ ಮಾಸಿ ಇಡ್ಲಿ ತುಂಡು ಮಾಡುತ್ತ ಕೂತದ್ದು ನೆನಪಿಗೆ ಬಂತು. ಯಂತ್ರದ ಮುಚ್ಚಳ ತೆರೆದೆ. "ಅಪ್ಪಣೆಯಾದರೆ ಎರಡು ಟೇಪುಗಳನ್ನು ಕೇಳಿಸುತ್ತೇನೆ. ಒಂದು ವಡೋದರಾದ್ದು, ಒಂದು ಸೂರತ್ತಿನದು. ಒಂದೇ ಹಾಡು. ಎರಡರಲ್ಲೂ ಮೊದಲ ಚರಣ ಮಾತ್ರ. ಮಾಸಿಯವರದು ಯಾವುದೆಂದು ಸಮಿತಿಯವರು ಹೇಳಬೇಕು."

ಎರಡು ಮಂಡಳಿಗಳಲ್ಲೂ ಮುಂದಾಳಾಗಿ ಹಾಡಿದವರು ಹೆಂಗಸರೇ ಆಗಿದ್ದರು. ಸೂರತ್ತಿನಲ್ಲಿ ಮೇಸ್ತ್ರಿಗಳ ಪತ್ನಿ ಹಾಡಿದ್ದರು. ಎರಡೂ ಕೇಳಿಯಾದ ಮೇಲೆ ಸಮಿತಿಯಲ್ಲಿ ಅಭಿಪ್ರಾಯ ಒಡೆಯಿತು. ಅಧ್ಯಕ್ಷರು ಎಲ್ಲರನ್ನೂ ಸುಮ್ಮನಾಗಿಸಿ, "ಎರಡನೆಯದು ಮಾಸಿ. ಇಪ್ಪತ್ತು ವರ್ಷದಿಂದ ಕೇಳಿದ್ದೇನೆ, ನನಗೆ ಗೊತ್ತಾಗುವುದಿಲ್ಲವೇ?" ಎಂದರು.

"ಎರಡನೆಯದು ಸೂರತ್ತು, ಸಾಹೇಬ್."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಮತ್ತೊಮ್ಮೆ ಹಾಕಿಸಿ ಕೇಳಿದರು. ನಾನು ಆಗ ಮನವಿಯಲ್ಲಿ ಬರೆದದ್ದನ್ನು ಹೇಳಿದೆ. ಯಾವ ಮಂಡಳಿಯಾದರೂ ಯಾರ ಹಾಡನ್ನಾದರೂ ಹಾಡಬಹುದೆಂದು ಬಹಿರಂಗವಾಗಿ ಸಾರಬೇಕು. ಒಂದೇ ಹಾಡು ಎರಡು ಕಡೆಯಿಂದ ಬಂದರೆ ಛಾಪದಿಂದ ಹಾಡಿದವರ ಗುರುತು ಸಿಕ್ಕುವುದಿಲ್ಲ. ಗೋಪ್ಯತೆಯೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ.

"ಆದರೆ ಸೂರತ್ತಿನವರು ತಪ್ಪು ಹೆಸರು ಹಾಡುತ್ತಾರೆ" ಎಂದರು ಒಬ್ಬ ಸದಸ್ಯರು.

"ಅದನ್ನು ಅವರನ್ನೇ ಕೇಳಬೇಕಾಗುತ್ತದೆ" ಎಂದರು ಅಧ್ಯಕ್ಷರು. ನನ್ನ ಕಡೆ ನೋಡಿ, "ನಿಮಗೆ ಗುಜರಾತಿ ಗೆಳೆಯರು ಇಲ್ಲವೆಂದಿರಿ. ಇನ್ನು ಸಿಗುತ್ತಾರೆ. ನೀವೇ ಹೋಗಿ" ಎಂದರು.

ಹೀಗೆ ಮತ್ತೊಮ್ಮೆ ಸೂರತ್ತಿಗೆ ಹೋದೆ. ಮೇಸ್ತ್ರಿಗಳು ನನ್ನ ಮಾತನ್ನು ಸಮಾಧಾನದಿಂದ ಕೇಳಿದರು. ಆದರೆ ಅವರ ಮಂಡಳಿಯವರಿಗೆ ಇಷ್ಟವಿರಲಿಲ್ಲ. ಇಷ್ಟು ವರ್ಷ ಹಿರಿಯರ ಹಾಡೆಂದು ಹಾಡಿದ್ದು ಹಾಸ್ಟೆಲಿನ ಅಡುಗೆಯವಳದು ಎಂದರೆ ಜನ ಏನೆನ್ನುತ್ತಾರೆ ಎಂದು ಒಬ್ಬರು ಕೇಳಿದರು. ಅವಳದೇ ಎನ್ನುವುದಕ್ಕೆ ಆಧಾರವೇನೆಂದು ಇನ್ನೊಬ್ಬರು ಕೇಳಿದರು. ಆಧಾರ ನನ್ನಲ್ಲಿ ಏನೂ ಇರಲಿಲ್ಲ. ವಡೋದರಾದ ಟೇಪನ್ನು ಮೊದಲಿನಿಂದ ಕೊನೆಯವರೆಗೆ ಹಾಕಿದೆ.

ಹಗ್ಗದ ಚರಣ ಬಂದಾಗ ಮೇಸ್ತ್ರಿಗಳ ಪತ್ನಿ ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದರು. "ಇನ್ನೊಮ್ಮೆ" ಎಂದರು. ನಾನು ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿದೆ.

"ಇದು ನಮ್ಮಲ್ಲಿಲ್ಲ" ಎಂದರು ಅವರು ಗಂಡನ ಕಡೆಗೆ ತಿರುಗಿ. "ನಮ್ಮ ಹಾಡಿನಲ್ಲಿ ಅವಳು ಬಾವಿಗೆ ಬರುತ್ತಾಳೆ, ಒಮ್ಮೆಲೇ ನಂಬಿಬಿಡುತ್ತಾಳೆ. ಏನನ್ನೂ ಕೇಳದೆ ಯಾವ ಹೆಂಗಸು ನಂಬುತ್ತಾಳೆ? ಹಾಡುವಾಗ ಪ್ರತಿ ಸಲ ನನಗೆ ಅಲ್ಲಿ ಎಡವಿದಂತಾಗುತ್ತಿತ್ತು. ನೀವು ನನ್ನದೇ ಉಸಿರಿನ ತಪ್ಪು ಅನ್ನುತ್ತಿದ್ದಿರಿ."

ಆಕೆ ನನ್ನ ಕಡೆ ನೋಡಿ, "ಈ ಚರಣ ಗೊತ್ತಿದ್ದವಳದ್ದೇ ಹಾಡು. ಕಲಿಸಿಕೊಡಿ, ಹೆಸರನ್ನು ಸರಿಯಾಗಿ ಹಾಡುತ್ತೇವೆ" ಎಂದರು.

ಕಲಿಸಲು ನಾನು ಯಾರು? ಟೇಪನ್ನು ಮತ್ತೆ ಮತ್ತೆ ಸುತ್ತಿ ಹಾಕಿದೆ, ಅವರು ಕಲಿತರು. ನನ್ನ ರೈಲಿನ ಹೊತ್ತಾಗುತ್ತಿದ್ದುದರಿಂದ ಸ್ವಲ್ಪ ಅವಸರವೂ ಆಯಿತು. ವೋಲ್ಟೇಜು ಸರಿ ಇದ್ದಾಗಲೇ ಹೊಸದಾಗಿ ಮುದ್ರಿಸಿಕೊಂಡು ಹೊರಟೆ. ಟೇಪುಗಳನ್ನು ಬಿಳಿ ಪಟ್ಟಿ ಸೇರಿಸಿ ಬೇರ್ಪಡಿಸಿ, ಪ್ರತಿಯೊಂದರ ಮೊದಲು ನನ್ನ ಧ್ವನಿಯಲ್ಲಿ ಸಂಖ್ಯೆ ಹೇಳಿ, ಮೂವರು ತೀರ್ಪುಗಾರರಿಗೆ ತಲುಪಿಸಿದೆ. ಅವರಲ್ಲೊಬ್ಬರು ಅಂಕಗಳ ಜೊತೆಗೆ ಒಂದು ಷರಾ ಬರೆದಿದ್ದರು: "ಸಂಖ್ಯೆ ಹೇಳುವವರ ಗುಜರಾತಿಗೆ ಅಂಕ ಕೊಡಲು ಕಾಲಂ ಇಲ್ಲದಿರುವುದು ಅವರ ಪುಣ್ಯ."

ಮುಂದಿನ ವರ್ಷಗಳ ವಿಷಯವನ್ನು ಇಲ್ಲಿಯೇ ಸಂಕ್ಷೇಪವಾಗಿ ತಿಳಿಸುತ್ತೇನೆ. ಆ ವರ್ಷದಿಂದ ಶೀಲ್ಡಿನ ಹಿತ್ತಾಳೆಯ ಎಲೆಯ ಮೇಲೆ ಹಾಡಿದವರ ಹೆಸರಿನ ಕೆಳಗೆ ಹಾಡು ಕಟ್ಟಿದವರ ಹೆಸರನ್ನೂ ಕೆತ್ತಿಸುವ ಪದ್ಧತಿ ಬಂತು. ಎಂಬತ್ತರ ದಶಕದಲ್ಲಿ ಹಾಡು ಕಟ್ಟುವವರಿಗೇ ಪ್ರತ್ಯೇಕ ಬಹುಮಾನವೂ ಆರಂಭವಾಯಿತು. ಅಹಮದಾಬಾದಿನ ವಟ್ವಾದ ಕಾರ್ಖಾನೆಗಳಲ್ಲಿ ದುಡಿಯುವ ಕೆಲವರು ಅದಕ್ಕಾಗಿ ಹೊಸ ಭಜನೆಗಳನ್ನು ಕಟ್ಟಿದರು. ಕ್ಯಾಸೆಟ್ಟುಗಳು ಮನೆಮನೆಗೆ ಬಂದ ಮೇಲೆ ನನ್ನ ಸ್ಪೂಲ್ ಯಂತ್ರಕ್ಕೆ ಕೆಲಸ ಉಳಿಯಲಿಲ್ಲ.

ಇನ್ನು ಅಂದಿನ ಬಹುಮಾನ ಸಮಾರಂಭ. ಕ್ರಿಸ್ಮಸ್ಸಿಗೆ ಮೊದಲು, ಅಹಮದಾಬಾದಿನ ಒಂದು ಶಾಲೆಯ ಮೈದಾನದಲ್ಲಿ ನಡೆಯಿತು. ಭಜನಾ ವಿಭಾಗದಲ್ಲಿ ಸೂರತ್ತಿನ ಮಂಡಳಿ ಗೆದ್ದಿತು. ಮಾಸಿಯ ಮಂಡಳಿಗೆ ಎರಡನೆಯ ಸ್ಥಾನ. ವಡೋದರಾದ ತರುಣರ ಮುಖ ಸಣ್ಣದಾಯಿತು. ಒಬ್ಬ, "ನಮ್ಮ ಹಾಡು ಹಾಡಿ ನಮ್ಮನ್ನೇ ಸೋಲಿಸಿದರು" ಎಂದು ಗೊಣಗಿದ. ಮಾಸಿ ಅವನ ಕಡೆ ತಿರುಗಿ, "ನಮ್ಮ ಹಾಡು ಅಂತ ಈಗ ಹೇಳುತ್ತಿದ್ದೀಯಾ? ಕತ್ತರಿಸಿ ಅಂದಾಗ ಒಂದು ಸಾಲು ತಾನೇ ಅಂದಿದ್ದೆ" ಎಂದರು. ಅವನು ತಲೆ ತಗ್ಗಿಸಿ ನಕ್ಕ.

ಗೆದ್ದವರು ವೇದಿಕೆಯ ಮೇಲೆ ಹಾಡುವುದು ಪದ್ಧತಿ. ಮೇಸ್ತ್ರಿಗಳ ಪತ್ನಿ ಆರಂಭಿಸಿದರು. ನಾನು ಮೈಕಿನ ಬಳಿ ನೆಲದ ಮೇಲೆ ಕೂತಿದ್ದೆ. ಕೊನೆಯ ಚರಣಕ್ಕೆ ಬಂದಾಗ ಆಕೆ ಹೆಸರನ್ನು ಸ್ಪಷ್ಟವಾಗಿ ಹಾಡಿದರು. ಮಂಡಳಿ ಅದನ್ನು ಮತ್ತೆ ಹಾಡಿತು. ಭಜನೆಯಲ್ಲಿ ಕೇಳುವವರೂ ಸಾಲನ್ನು ಎತ್ತಿಕೊಳ್ಳುವುದು ರೂಢಿ. ಮೈದಾನದ ಜನವೆಲ್ಲ "ರಾಹೇಲ್ ಹೇಳುತ್ತಾಳೆ" ಎಂದು ಹಾಡಿದರು. ಮಾವನೂ ವಡೋದರಾದಿಂದ ಬಂದಿದ್ದವರು, ಭಾಷೆ ಪೂರ್ತಿ ತಿಳಿಯದಿದ್ದರೂ ಹೆಸರಿನ ಜಾಗದಲ್ಲಿ ಮಾತ್ರ ಗಟ್ಟಿಯಾಗಿ ಸೇರಿಕೊಂಡರು.

ಹಾಡು ಮುಗಿದ ಮೇಲೆ ಅಧ್ಯಕ್ಷರು ಮಾಸಿಯನ್ನು ವೇದಿಕೆಗೆ ಕರೆದರು. ಅವರು ನಿಧಾನವಾಗಿ ಮೆಟ್ಟಿಲು ಹತ್ತಿ, ಶೀಲ್ಡಿನ ಕಡೆ ನೋಡದೆ, ನೇರವಾಗಿ ಸೂರತ್ತಿನ ಗಾಯಕಿಯ ಬಳಿ ಹೋಗಿ ಆಕೆಯ ಕೈ ಹಿಡಿದರು. ಏನೋ ಆಶೀರ್ವಾದದ ಮಾತಿರಬೇಕೆಂದು ಎಲ್ಲರೂ ಸುಮ್ಮನಾದರು. ಮೈಕು ಇನ್ನೂ ತೆರೆದಿತ್ತು.

"ಹೆಸರು ಸರಿಯಾಗಿ ಹಾಡಿದೆ ಮಗಳೇ" ಎಂದರು ಮಾಸಿ. "ಎರಡನೆಯ ಚರಣ ತಪ್ಪಿದೆ. ಹಗ್ಗ ಇಲ್ಲ ಅನ್ನಬೇಕಾದಲ್ಲಿ ನಮ್ಮಲ್ಲಿ ಕೊಡ ಇಲ್ಲ ಅಂದೆ. ಕೊಡವೇ ಇಲ್ಲದಿದ್ದರೆ ಕೊನೆಯಲ್ಲಿ ಅವಳು ಏನನ್ನು ಮರೆತು ಬರುತ್ತಾಳೆ? ಬಾ, ಹೇಳಿಕೊಡುತ್ತೇನೆ."

ಮೈದಾನವೆಲ್ಲ ನಕ್ಕಿತು. ಸೂರತ್ತಿನ ಗಾಯಕಿ ನಾಚಿಕೆಯಿಂದ ಬಾಯಿಗೆ ಸೆರಗು ಹಿಡಿದರು. ಆಮೇಲೆ ಇಬ್ಬರೂ ವೇದಿಕೆಯ ಮೇಲೆಯೇ ಕುಳಿತು, ಶೀಲ್ಡು ಮೇಜಿನ ಮೇಲಿರುವಾಗಲೇ, ಆ ಚರಣವನ್ನು ಮೊದಲಿನಿಂದ ಹಾಡಿದರು. ನಾನು ಯಂತ್ರವನ್ನು ಚಾಲೂ ಮಾಡಿದೆ. ಆ ಟೇಪು ಈಗಲೂ ನನ್ನ ಬಳಿ ಇದೆ, ಅದರಲ್ಲಿ ಚರಣ ಸರಿಯಾಗಿದೆ.

ಮೇಲಿನ ನಿವೇದನೆಯಲ್ಲಿ ಸಂಗತಿಗಳನ್ನು ನೆನಪಿನಿಂದಲೇ ಬರೆದಿದ್ದೇನೆ. ಅಂದು ಅಲ್ಲಿ ಇದ್ದವರು, ಗುಜರಾತಿ ಭಜನೆ ಬಲ್ಲವರು ಅಥವಾ ಕನ್ನಡ ಬಲ್ಲವರು ಇದರಲ್ಲಿ ಎಲ್ಲಿಯಾದರೂ ತಪ್ಪು ಕಂಡರೆ ಸಂಕೋಚಪಡದೆ ತಿದ್ದಿ, ತಿದ್ದಿದ್ದನ್ನು ನನಗೂ ತೋರಿಸಬೇಕಾಗಿ ವಿನಂತಿ.

ತಮ್ಮ ವಿಧೇಯ,
ಧ್ವನಿಮುದ್ರಣ ವಿಭಾಗದ ಒಬ್ಬ ಹಳೆಯ ನೌಕರ